ಕಾಂಪೌಂಡರ ಕೊತ್ತಂಬರಿ, ನಮ್ಮ ಹಿತ್ತಲ ಬೆಕ್ಕು

ಹೊಟ್ಟೆಕಿಚ್ಚು ಪಟ್ಟೋನಿಗೆ ಏನಾದರೊಂದು ಫಜೀತಿ ಆಗ್ತಾನೇ ಇರುತ್ತೆ. ನನಗಂತೂ ವಾರಕ್ಕೊಂದು ಆಗ್ತಿತ್ತು. ಪಾಂಡವಪುರದಲ್ಲಿ ನಾನು ಟೈಲರ್ ಅಂಗಡಿ ಇಟ್ಟಿದ್ದ ಕಾಲ ಅದು. ಬೀದಿಗಿನ್ನೂ ನಲ್ಲಿ ಬಂದಿರಲಿಲ್ಲ, ಬಾವಿ ನೀರು ಸೇದಿ ಹಿತ್ತಲಲ್ಲಿ ಕೊತ್ತಂಬರಿ ಬೆಳೀತಿದ್ದೆ. ಬೆಳೀತಿದ್ದೆ ಅನ್ನೋದು ದೊಡ್ಡ ಮಾತಾಯ್ತು, ಬಿತ್ತುತಿದ್ದೆ ಅನ್ನಿ.

೧. ಬುಟ್ಟಿ ಬಂತು

ಬೀಜ ಹಾಕಿದ ಮಾರನೇ ದಿನವೇ ಬೀದಿ ಬೆಕ್ಕುಗಳು ಬಂದು ಪಾತಿ ಕೆರೆದು, ತಮ್ಮ ಕೆಲಸ ಮುಗಿಸಿ, ಮಣ್ಣು ಮುಚ್ಚಿ ಹೋಗ್ತಿದ್ವು. ಗೋಡೆಯಾಚೆ, ಆಸ್ಪತ್ರೇಲಿ ಔಷಧಿ ಕಟ್ಟಿಕೊಡೋ ಕಾಂಪೌಂಡರ ಹಿತ್ತಲಿಗೆ ಮಾತ್ರ ಒಂದು ಬೆಕ್ಕೂ ಕಾಲಿಡ್ತಿರಲಿಲ್ಲ. ಅಲ್ಲಿ ಕೊತ್ತಂಬರಿ ಮೊಣಕಾಲುದ್ದ.

ಶುಕ್ರವಾರ ಬಂದರೆ ಅವರ ಹೆಂಡತಿ ಬಿದಿರು ಬುಟ್ಟಿ ತುಂಬ ಸೊಪ್ಪು ಕೊಡೋರು. ನೆರೆಮನೆ ಬುಟ್ಟೀನ ಬರಿದಾಗಿ ವಾಪಸ್ ಕಳಿಸಬಾರದಲ್ಲ, ನಮ್ಮವಳು ಒಂದಚ್ಚು ಬೆಲ್ಲ ಇಟ್ಟು ಕೊಡೋಳು. ಒಂದೇ ಒಂದು ಸಲ ನಮ್ಮ ಹಿತ್ತಲಲ್ಲಿ ಬೆಳೆದದ್ದು ಆ ಬುಟ್ಟೀಲಿ ಹೋಗಬೇಕು ಅಂತ ನನ್ನ ಆಸೆ. ಆ ಸೊಪ್ಪು ನೋಡಿದರೇ ಹೊಟ್ಟೆ ಉರೀತಿತ್ತು. ಅದರ ಚಟ್ನಿ ಮಾತ್ರ ಎರಡು ಸಲ ಹಾಕಿಸ್ಕೊಂಡು ತಿಂತಿದ್ದೆ.

೨. ಚಿಂದಿ ತೋರಣ

ಅಂಗಡಿಗೆ ಬಂದ ರೈತರೊಬ್ಬರು, "ಬಣ್ಣದ ಬಟ್ಟೆ ಗಾಳೀಲಿ ಆಡುದ್ರೆ ಬೆಕ್ಕು ಎದುರ್ಕತವೆ ಕಣಪ್ಪ," ಅಂದರು. ಟೈಲರಿಗೆ ಚಿಂದಿಗೇನು ಬರ? ಪಾತಿ ಸುತ್ತ ಕಡ್ಡಿ ನೆಟ್ಟು, ದಾರ ಕಟ್ಟಿ ಇಳಿಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದು ನೋಡ್ತೀನಿ, ಮೂರು ಬೆಕ್ಕು ಚಿಂದಿಗೆ ನೆಗೆದು ನೆಗೆದು ಆಡ್ತಾವೆ. ಹೊಸ ಬೆಕ್ಕೊಂದು ಗೋಡೆ ಮೇಲೆ ಕೂತು ಸರದಿಗೆ ಕಾಯ್ತಿದೆ.

ಆಚೆಯಿಂದ ಕಾಂಪೌಂಡರು ಇಣುಕಿ, "ಏನ್ ಟೈಲರೇ, ಬೆಕ್ಕಿನ ಮದ್ವೆಗೆ ಚಪ್ಪರ ಹಾಕ್ಸುಬುಟ್ರಾ?" ಅಂದರು.

೩. ಒಣಮೀನು

ನನಗಿಲ್ಲದ ಕೊತ್ತಂಬರಿ ಅವರಿಗೂ ಬೇಡ ಅಂತ ಬುದ್ಧಿ ಕೆಟ್ಟಿತು. ಸಂತೆಯಿಂದ ಒಣಮೀನು ತಂದು ಅವರ ಪಾತಿಗೆ ಎಸೆದೆ. ಬೆಕ್ಕುಗಳು ಓಡಿದವು, ತಿಂದವು, ಮೂತಿ ಒರೆಸ್ಕೊಂಡವು. ಆಮೇಲೆ ಸಾಲಾಗಿ ಗೋಡೆ ಹಾರಿ ಬಂದು ನಮ್ಮ ಪಾತೀಲಿ ಕೂತವು.

ನಮ್ಮವಳು ನೋಡಿ, "ಅಲ್ಲ ಕಣ್ರೀ, ಊಟ ಅವರ ಮನೇಲಿ, ಕಕ್ಕಸು ನಮ್ಮನೇಲಿ ಅಂತ ನೀವೇ ಯೋಳ್ಕೊಟ್ರಾ?" ಅಂದಳು.

೪. ಬುಟ್ಟಿ ಹೋಯ್ತು

ಕೊನೆಗೆ ನಾಚಿಕೆ ಬಿಟ್ಟು ಕಾಂಪೌಂಡರನ್ನೇ ಕೇಳಿದೆ, "ಪಾತಿಗೆ ಯಾವ ಔಷಧಿ ಹಾಕ್ತೀರಿ ಸ್ವಾಮಿ?"

"ಔಷಧೀನೂ ಇಲ್ಲ ಏನೂ ಇಲ್ಲ. ನಾನು ಸೋಮಾರಿ. ಹೆಂಟೆ ಒಡೆಯಲ್ಲ, ಕಲ್ಲು ಆಯಲ್ಲ. ಬೆಕ್ಕಿಗೆ ಕೆರೆಯೋಕಾಗಲ್ಲ. ನೀವು ಮಣ್ಣು ಜರಡಿ ಹಿಡಿದು ಹಾಸಿಗೆ ಮಾಡಿಟ್ಟಿದ್ದೀರಿ," ಅಂದರು. ಸೋಮಾರಿತನದಲ್ಲೂ ಅವರೇ ನನಗಿಂತ ಮುಂದೆ ಅಂತ ಮತ್ತೆ ಹೊಟ್ಟೆ ಉರೀತು.

ಚಪ್ಪರದ ಫಲವೋ ಏನೋ, ಅಷ್ಟರಲ್ಲಿ ಹಿತ್ತಲ ಮೂಲೇಲಿ ಕಿತ್ತು ಹಾಕಿದ್ದ ಚಿಂದಿ ಗುಡ್ಡೆ ಮೇಲೆ ಒಂದು ಬೆಕ್ಕು ಮರಿ ಹಾಕಿತ್ತು. ಮರಿಗಳು ನೆಗೆದು ಓಡಾಡೋ ಹೊತ್ತಿಗೆ ಒಂದು ಶುಕ್ರವಾರ ಬುಟ್ಟಿ ಬಂತು. ಮನೇಲಿ ಬೆಲ್ಲ ಇರಲಿಲ್ಲ. ನಮ್ಮವಳು ಒಂದು ಮರೀನ ಬುಟ್ಟೀಲಿ ಕೂರಿಸಿ, "ನಮ್ಮ ಹಿತ್ತಲಲ್ಲಿ ಬೆಳೆದಿದ್ದು ಇದೇ ಅಂತ ಯೋಳಿ, ಕೊಟ್ಬುಟ್ಟು ಬನ್ನಿ," ಅಂದಳು. ಕಾಂಪೌಂಡರ ಹೆಂಡತಿ ನಕ್ಕು, ಸಾಕ್ತೀವಿ ಅಂತ ಇಸ್ಕೊಂಡರು. ನನಗೋ ಸ್ವರ್ಗ ಮೂರೇ ಗೇಣು. ಇನ್ನು ಅವರ ಪಾತಿಗೂ ಬೆಕ್ಕು ಬಿತ್ತಲ್ಲ!

ಸಂಜೆ ಮರಿ ಗೋಡೆ ಹಾರಿ ಬಂತು. ನೆಟ್ಟಗೆ ನಮ್ಮ ಪಾತಿಗೆ ಹೋಗಿ ಕೆರೆದು ಕೂತಿತು. ಗೋಡೆ ಮೇಲೆ ಕಾಂಪೌಂಡರ ತಲೆ ಕಾಣಿಸ್ತು.

"ಹಾಲು ಅನ್ನ ಎಲ್ಲಾ ನಮ್ಮನೇಲೇ ತಿಂತು ಟೈಲರೇ," ಅಂದರು. "ಈ ಒಂದು ಕೆಲಸಕ್ಕೆ ಮಾತ್ರ ತವರುಮನೇನೇ ಬೇಕಂತೆ."