ನನ್ನನ್ನು ಕೇಳದೆ ಒಪ್ಪಿಕೊಂಡ ಒಪ್ಪಿಗೆ ಪತ್ರಕ್ಕೆ

ಕೊಟ್ಟೂರು,
ಕಾರ್ತಿಕ ಮಾಸ, ೨೦೦೪

ದೊಡ್ಡ ಊರಿನ ಸಂತಾನ ಕೇಂದ್ರದ ಬೀರುವಿನಲ್ಲಿ, ನೀಲಿ ಫೈಲಿನೊಳಗೆ ಸುಖವಾಗಿ ಪವಡಿಸಿರುವ ನಾಲ್ಕು ಪುಟಗಳ ಮಾನ್ಯ ಒಪ್ಪಿಗೆ ಪತ್ರದವರ ಸನ್ನಿಧಾನಕ್ಕೆ, ಕೊಟ್ಟೂರಿನ ಕಿರಾಣಿ ವ್ಯಾಪಾರಿ ಹಂಪೇಶರ ಹೆಂಡತಿ ಶಾಂಭವಿ ಬಹಿರಂಗವಾಗಿ ಸಲ್ಲಿಸುವ ಶರಣು ಶರಣಾರ್ಥಿಗಳು. ತಮ್ಮ ಅಂಚು ಮುದುಡದೆ, ತಮ್ಮ ಇಂಗ್ಲಿಷು ಮಾಸದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನೂ ಒಂದು ವರ್ಷದ ನನ್ನ ಮಗಳೂ ಇಲ್ಲಿ ಕ್ಷೇಮ.

ಮಾನ್ಯರೇ,

ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದಿದ್ದಾಗ ನಾನು ಸುತ್ತದ ಗುಡಿಯಿಲ್ಲ, ಕುಡಿಯದ ಕಷಾಯವಿಲ್ಲ. ಓಣಿಯಲ್ಲಿ ಯಾರದಾದರೂ ಕುಬಸವಾದರೆ, ಬಸುರಿಗೆ ಉಡಿ ತುಂಬುವ ಹೆಂಗಸರ ಸಾಲಿನಿಂದ ನಮ್ಮ ಅತ್ತೆ ಅನ್ನದಾನಮ್ಮನವರು ನನ್ನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದರು. ಅಂಥ ನನ್ನನ್ನು ತಾಯಿ ಮಾಡಿದ ತಮ್ಮ ಕೇಂದ್ರದ ಉಪಕಾರವನ್ನು ಹೇಗೆ ಮರೆಯಲಿ? ಗಂಡನದನ್ನೇ ಯಂತ್ರದಲ್ಲಿ ಸೋಸಿ ಒಳಗೆ ಬಿಡುತ್ತಾರೆಂದು ನನಗೆ ತಿಳಿಸಲಾಗಿತ್ತು. ನಂಬಿ ಒಳಕೋಣೆಯ ಮಂಚದ ಮೇಲೆ ಮಲಗಿದ್ದೆ.

ಆ ಹೊತ್ತಿನಲ್ಲಿ ಹೊರಗೆ ತಮ್ಮ ಮೇಲೆ ಸಹಿಗಳ ಪೂಜೆ ನಡೆಯುತ್ತಿತ್ತಂತೆ. ಹಂಪೇಶರು ತಮ್ಮ ಸಹಿ ಮುಗಿಸಿ, ಹೆಂಡತಿಯ ಸಹಿಗೆಂದು ಬಿಟ್ಟಿದ್ದ ಜಾಗದಲ್ಲೂ "ಅಕಿ ಬ್ಯಾರೆ ನಾ ಬ್ಯಾರೆ ಏನ್ರಿ ಸಿಸ್ಟರ್?" ಎನ್ನುತ್ತಾ ನನ್ನ ಹೆಸರನ್ನು ಗುಂಡಗೆ ಬರೆದರಂತೆ. ಅಕ್ಷರ ಬಾರದ ಅತ್ತೆಯವರು ಸಾಕ್ಷಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರಂತೆ. ಇದನ್ನೆಲ್ಲ ನನಗೆ ಹೇಳಿದವರು ಅತ್ತೆಯವರೇ, ಅದೂ ಮಗನ ಪ್ರೀತಿಯನ್ನು ಕೊಂಡಾಡುವುದಕ್ಕೆ: "ಪೆನ್ನು ಹಿಡಿಯೋ ತ್ರಾಸೂ ಕೊಡಲಿಲ್ಲ ನೋಡು ನಿನಗ."

ಹೋದ ತಿಂಗಳು ನಮ್ಮ ಎಮ್ಮೆ ಬೆದೆಗೆ ಬಂದು, ಪಶು ಆಸ್ಪತ್ರೆಯ ಓಬಳೇಶಪ್ಪನವರು ಮನೆಗೇ ಬಂದು ಇಂಜೆಕ್ಷನ್ ಮಾಡಿ ಹೋಗದಿದ್ದರೆ ನನ್ನ ಸಂತೋಷಕ್ಕೆ ಕುಂದಿರಲಿಲ್ಲ. ಹೋಗುವಾಗ ಅವರು ಒಂದು ಚೀಟಿ ಕೊಟ್ಟರು, ಕನ್ನಡದಲ್ಲಿ. ಕೋಣದ ತಳಿ ಮುರ್ರಾ, ಅದರ ನಂಬರು, ಅದರ ತಾಯಿ ದಿನಕ್ಕೆ ಕೊಡುತ್ತಿದ್ದ ಹಾಲು, ಎಲ್ಲವೂ ಅದರಲ್ಲಿತ್ತು. "ನಾಳೆ ಕರಾ ಯಾರದು ಅಂತ ಗೊತ್ತಿರಬೇಕಲ್ರಿ ಅಕ್ಕಾರ" ಎಂದರು. ಆ ಚೀಟಿಯನ್ನು ಜೋಪಾನವಾಗಿಡಲು ಟ್ರಂಕು ತೆಗೆದಾಗ ತಮ್ಮ ಜೆರಾಕ್ಸ್ ಪ್ರತಿಯ ದರ್ಶನವಾಯಿತು. ಎಮ್ಮೆಯದನ್ನು ಓದಿದವಳು ನನ್ನದನ್ನೂ ಓದಬೇಡವೇ ಎಂದು, ಇಂಗ್ಲಿಷ್ ಬಾರದ ನಾನು ಹಿಂದಿನ ಓಣಿಯ ಕಾಲೇಜು ಉಪನ್ಯಾಸಕಿ ಗೀತಾಂಜಲಿಯವರ ಮನೆಗೆ ಹೋದೆ.

ಎರಡನೆಯ ಪುಟಕ್ಕೆ ಬಂದಾಗ ಅವರು ಕನ್ನಡಕ ತೆಗೆದರು. ಪತಿಯಲ್ಲಿ ವೀರ್ಯಾಣುಗಳು ಇಲ್ಲವೇ ಇಲ್ಲವಾದ್ದರಿಂದ, ಹೆಸರು ತಿಳಿಸಲಾಗದ ದಾನಿಯೊಬ್ಬರದನ್ನು ಬಳಸಲು ಪತ್ನಿಯಾದ ನಾನು ಎಲ್ಲವನ್ನೂ ಓದಿ, ತಿಳಿದು, ಮನಸಾರೆ ಒಪ್ಪಿದ್ದೇನೆ ಎಂದು ಅಲ್ಲಿತ್ತು. ಎಷ್ಟು ತಿಳಿವಳಿಕೆಯ ಹೆಣ್ಣುಮಗಳು, ಮಾನ್ಯರೇ, ಆ ತಮ್ಮ ಎರಡನೆಯ ಪುಟದ ಶಾಂಭವಿ! ಅವಳನ್ನು ಒಮ್ಮೆ ಭೇಟಿ ಮಾಡಿಸಿಕೊಡಿ. ಇದು ನ್ಯಾಯವೇ ಎಂದು ಕೇಳಿದ್ದಕ್ಕೆ, ಈ ವಿಷಯಕ್ಕೆಂದೇ ದೇಶದಲ್ಲಿ ಇನ್ನೂ ಒಂದು ಕಾನೂನು ಬಂದಿಲ್ಲ ಎಂದರು ಗೀತಾಂಜಲಿ. ಎಮ್ಮೆಯನ್ನೂ ಯಾರೂ ಒಪ್ಪಿಗೆ ಕೇಳಿರಲಿಲ್ಲ, ನಿಜ. ಆದರೆ ಅದು ಒಪ್ಪಿತೆಂದು ಯಾರೂ ಬರೆದುಕೊಳ್ಳಲೂ ಇಲ್ಲ.

ದಾನಿಯ ಮೇಲೆ ನನಗೆ ಸಿಟ್ಟಿಲ್ಲ. ಮಗಳು ನನ್ನ ಜೀವ. ಹಂಪೇಶರು ಒಂದು ಮಾತು ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆ, ಅದೇ ನನಗೆ ಹೆಚ್ಚಿನ ಸಂಕಟ. ಲಿಂಗಧಾರಣೆಯ ದಿನ ಅಯ್ಯನೋರು ಕೂಸಿನ ಬೆಡಗು, ಅಂದರೆ ತಂದೆಯ ಕಡೆಯ ಕುಲ, ಯಾವುದೆಂದು ಕೇಳಿದಾಗ ಅತ್ತೆಯವರು ಏಳು ತಲೆಮಾರು ಒಪ್ಪಿಸಿದರು, ಹಂಪೇಶರಿಗೆ ಕೆಮ್ಮು ಬಂತು. ತೊಟ್ಟಿಲು ನೋಡಲು ಬಂದವರಿಗೆಲ್ಲ ಅತ್ತೆಯವರು ಇಂದಿಗೂ ಹೇಳುವುದು ಒಂದೇ: "ನಮ್ಮ ಹಂಪೇಶಿಗೆ ಏನೂ ಕೊರತಿ ಇರಲಿಲ್ಲರಿ, ಸೊಸಿದ ತೊಂದ್ರಿ ಇತ್ತು." ಹೀಗಾಗಿ ಉಡಿ ತುಂಬುವ ಸಾಲಿನಲ್ಲಿ ಇಂದಿಗೂ ನನ್ನದು ಕೊನೆಯ ಜಾಗ.

ಈಗ ಗಂಡುಮಗು ಬೇಕೆಂದು ತಮ್ಮ ತಮ್ಮನೊಬ್ಬ, ಅಂದರೆ ಹೊಸ ಒಪ್ಪಿಗೆ ಪತ್ರ, ಮನೆಗೆ ದಯಮಾಡಿಸಿದ್ದಾನೆ. ಸೋಮವಾರ ಹೋಗಬೇಕಂತೆ. ತೊಂದರೆ ಯಾರದೆಂದು ನಿಮ್ಮ ತಾಯಿಗೆ ಹೇಳಿ, ಆಮೇಲೆ ಸಹಿಯ ಮಾತು ಎಂದು ಹಂಪೇಶರಿಗೆ ಹೇಳಿದೆ. "ಅವ್ವಗ ಗೊತ್ತಾದ್ರ ನಾ ಹೆಂಗ ತಲಿ ಎತ್ಲಿ?" ಎಂದರು. ನಾನು ಒಂಬತ್ತು ವರ್ಷ ಬಗ್ಗಿಸಿದ್ದು ತಲೆಯಲ್ಲವೆಂದು ಅವರು ತಿಳಿದಿರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆಗಳು ಕೆಲವೇ. ಬೇರೆಯವರ ಕೈ ನನ್ನ ಹೆಸರು ಬರೆಯಲು ಬಂದರೆ ಶಾಯಿ ಹಿಡಿಯದಂಥ ಕಾಗದವಾಗಿ ತಾವು ಮರುಜನ್ಮ ತಾಳಬೇಕು. ಎಮ್ಮೆಯ ಚೀಟಿಗೆ ಬರುವ ಕನ್ನಡವನ್ನು, ಓಬಳೇಶಪ್ಪನವರ ಕಾಲು ಹಿಡಿದಾದರೂ ಕಲಿಯಬೇಕು. ಎರಡನೆಯ ಪುಟದ ಮೊದಲ ಸಾಲನ್ನು ಆಟೋಕ್ಕೆ ಮೈಕು ಕಟ್ಟಿಸಿ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯವರೆಗೆ ತಾವೇ ಸಾರಬೇಕು. ಇದು ಯಾವುದೂ ಆಗದಿದ್ದರೆ, ನನ್ನ ಹೆಸರನ್ನಾದರೂ ನನಗೆ ಹಿಂದಿರುಗಿಸಬೇಕು.

ಮಂಚದ ಮೇಲೆ ಮಲಗಿ ತಮ್ಮನ್ನು ನಂಬಿದ್ದ,
ತಮ್ಮ ವಿಶ್ವಾಸಿ
ಶಾಂಭವಿ
(ಈ ಸಹಿಯನ್ನು ನಾನೇ ಹಾಕಿದ್ದೇನೆ)

ವಿ.ಸೂ.: ಬಹಿರಂಗವೆಂದದ್ದಕ್ಕೆ ಗಾಬರಿ ಬೇಡ. ಮಗಳ ಹೆಸರು ಊರ ಬಾಯಿಗೆ ಬೀಳುವುದು ನನಗೆ ಬೇಡವಾದ್ದರಿಂದ ಪತ್ರಿಕೆಗೆ ಕಳಿಸಲಿಲ್ಲ. ಇಂದು ಮಧ್ಯಾಹ್ನ ಅತ್ತೆಯವರೊಬ್ಬರಿಗೇ ಓದಿ ಹೇಳಿದೆ. ಅವರು ಬಹಳ ಹೊತ್ತು ಹೆಬ್ಬೆರಳನ್ನು ಸೆರಗಿನಿಂದ ತಿಕ್ಕುತ್ತಾ ಕೂತಿದ್ದು, "ಸಾಕ್ಷಿ ಅಂತ ಬೆಟ್ಟು ಒತ್ತಿದಾಕಿ ನಾನ. ನನಗೊಂದು ಮಾತು ಓದಿ ಹೇಳಾಕ ಯಾರಿಗೂ ಬಾಯಿ ಇರಲಿಲ್ಲೇನು?" ಎಂದರು. ಸಂಜೆ ಪಕ್ಕದ ಮನೆಯ ಕುಬಸಕ್ಕೆ ಹೊರಟಾಗ ಉಡಿ ತುಂಬುವ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ತಾವು ನನ್ನ ಹಿಂದೆ ಬಂದರು. ಸೋಮವಾರ ಹಂಪೇಶರ ಜೊತೆ ತಮ್ಮ ದರ್ಶನಕ್ಕೆ ನಾನು ಬರುತ್ತಿಲ್ಲ, ಅತ್ತೆಯವರು ಬರುತ್ತಿದ್ದಾರೆ, ತಮ್ಮನ್ನು ಪುಟ ಪುಟವಾಗಿ ಕನ್ನಡದಲ್ಲಿ ಓದಿಸಿ ಕೇಳಲು. ಒಂದು ಗಟ್ಟಿ ಕುರ್ಚಿ ಹಾಕಿಸಿಡಿ. ಅರ್ಥವಾಗುವವರೆಗೆ ಅವರು ಏಳುವವರಲ್ಲ.