ಇಂಗ್ಲಿಷ್ ಬಾರದ ಪರೀಕ್ಷೆಯಲ್ಲಿ ಶಿವರುದ್ರಪ್ಪನವರ ತೇರ್ಗಡೆ

ಪೆಲಿಕನ್ ಪಾರ್ಕಿಂಗ್ ಡಾಟ್ ಕಾಮ್ ಎಂಬ ಖಾಸಗಿ ಸಂಸ್ಥೆಯ ನಿಯಮಾವಳಿಯ ಒಂಬತ್ತನೆಯ ಕಲಮಿನ ಪ್ರಕಾರ, ಇಂಗ್ಲಿಷ್ ಓದಲು ಬಾರದ ಚಾಲಕರಿಗೆ ದಂಡದಿಂದ ಪೂರ್ಣ ವಿನಾಯಿತಿ ಇದೆ. ಈ ಕಲಮನ್ನು ಸಂಸ್ಥೆಯು ತನ್ನ ಎಲ್ಲ ಬೋರ್ಡುಗಳ ಮೇಲೂ ಸ್ವಚ್ಛವಾದ ಇಂಗ್ಲಿಷಿನಲ್ಲಿ ಬರೆಸಿತ್ತು. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ದಸರೆಯವರೆಗೆ ಒಬ್ಬರೂ ಬಂದು ವಿನಾಯಿತಿ ಕೇಳಿರಲಿಲ್ಲವಾದ್ದರಿಂದ, ಇಡೀ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಇಂಗ್ಲಿಷ್ ಬಾರದ ಚಾಲಕನೇ ಇಲ್ಲವೆಂದು ಸಂಸ್ಥೆ ತೀರ್ಮಾನಿಸಿ ಸಂತೋಷದಿಂದಿತ್ತು.

ಆ ಸಂತೋಷಕ್ಕೆ ಕಲ್ಲು ಹಾಕಿದವರು ಗದಗ ಡಿಪೋದ ನಿವೃತ್ತ ಡ್ರೈವರ್ ಶಿವರುದ್ರಪ್ಪನವರು.

ಶಿವರುದ್ರಪ್ಪನವರನ್ನು ಹೆಚ್ಚು ಹೊಗಳಿದರೆ ಅವರಿಗೇ ಸಿಟ್ಟು ಬರುತ್ತದೆ, ಆದ್ದರಿಂದ ಕಡಿಮೆ ಮಾಡಿಯೇ ಹೇಳಬೇಕು. ಅವರು ಗದಗದಲ್ಲಿ ಬ್ರೇಕ್ ಹಾಕಿದರೆ ಹುಬ್ಬಳ್ಳಿಯ ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳು ಮುಂದಕ್ಕೆ ಬಾಗುತ್ತಿದ್ದವು. ಒಮ್ಮೆ ಟಯರ್ ಪಂಕ್ಚರ್ ಆದದ್ದನ್ನು ಬಸ್ಸಿಗೇ ತಿಳಿಯಗೊಡದೆ ಲಕ್ಷ್ಮೇಶ್ವರ ಮುಟ್ಟಿಸಿದ್ದರು. ಇಷ್ಟೆಲ್ಲ ಮಾಡಿದವರು ಸರ್ವಿಸಿನಲ್ಲಿ ಒಂದೇ ಒಂದು ಬೋರ್ಡು ಓದಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಬಸ್ಸಿನ ಬೋರ್ಡು ಇರುವುದು ಹೊರಗೆ ನಿಂತವರಿಗೆ, ಊರಿನ ಹೆಸರು ಕೂಗುವುದು ಕಂಡಕ್ಟರ್. ಡ್ರೈವರನಾದವನು ಹಿಂದಿನಿಂದ ‘ರೈಟ್’ ಎಂದರೆ ಹೋಗಬೇಕು, ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ನಡುವೆ ತಲೆ ಹಾಕಬಾರದು.

ಮಗಳು ನೀತಾಳ ಮನೆಗೆಂದು ಸನ್ನಿವೇಲಿಗೆ ಬಂದು, ಲೈಸೆನ್ಸಿನ ಪರೀಕ್ಷೆಯನ್ನು ಹಿಂದಿಯಲ್ಲಿ ಬರೆದು ಪಾಸಾದ ಮೇಲೂ ಅವರು ಈ ಪದ್ಧತಿ ಬಿಡಲಿಲ್ಲ. ಹೆಂಡತಿ ಬಂಗಾರೆವ್ವ ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದರು. ಅವರು ‘ರೈಟ್’ ಎನ್ನದೆ ಆ ಟೊಯೋಟಾ ಒಂದು ಅಂಗುಲ ಅಲುಗುತ್ತಿರಲಿಲ್ಲ. ಬಂಗಾರೆವ್ವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವರು ಕಂಡಕ್ಟರ್ ಆಗಿದ್ದುದರಿಂದ ಆ ಪ್ರಶ್ನೆ ಏಳಲಿಲ್ಲ.

ಆಯುಧಪೂಜೆಯ ದಿನ ಅಪಾರ್ಟ್‌ಮೆಂಟಿನ ಮ್ಯಾನೇಜರು ಅಂಗಳದಲ್ಲಿ ಕುಂಬಳಕಾಯಿ ಒಡೆಯಕೂಡದೆಂದು ಕೈಮುಗಿದು ಕೇಳಿಕೊಂಡಳು. ಶಿವರುದ್ರಪ್ಪನವರು ಕಾರು ಹೊರಡಿಸಿದರು. ಇಂಡಿಯನ್ ಗ್ರೋಸರಿ ಅಂಗಡಿಯ ಹಿಂದೆ ವಿಶಾಲವಾದ ಖಾಲಿ ಜಾಗ ಕಂಡಿತು.

“ಹೋಲ್ಡಾನ್!” ಎಂದರು ಬಂಗಾರೆವ್ವ.

ನಿಂತಿತು. ಜಾಗದ ನಡುವೆ ಒಂದು ಕಂಬ, ಕಂಬಕ್ಕೆ ಒಂದು ಬೋರ್ಡು. ತೋರಣದ ಒಂದು ತುದಿಯನ್ನು ಕಾರಿನ ಕನ್ನಡಿಗೆ ಕಟ್ಟಿದ ಮೇಲೆ ಇನ್ನೊಂದು ತುದಿಯನ್ನು ಎಲ್ಲಿಗಾದರೂ ಕಟ್ಟಲೇಬೇಕಲ್ಲ, ಕಂಬಕ್ಕೆ ಕಟ್ಟಿದರು. ಕಟ್ಟಿದ ಮೇಲೆ ಬೋರ್ಡು ಬೋಳಾಗಿ ಕಂಡಿತೆಂದು ಅದಕ್ಕೂ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು, ಕುಂಕುಮವಿಟ್ಟರು. ಆರತಿ ಮುಗಿಸಿ, ಕುಂಬಳಕಾಯಿಯ ಮೇಲೆ ಹಚ್ಚಲು ಅಂಗಡಿಯಿಂದ ಕರ್ಪೂರ ತರಲು ಹೋಗಿ ಬರುವಷ್ಟರಲ್ಲಿ ಗಾಜಿನ ವೈಪರಿಗೆ ಹಳದಿ ಲಕೋಟೆಯೊಂದನ್ನು ಯಾರೋ ಸಿಕ್ಕಿಸಿದ್ದರು.

“ನೋಡಿದೇನs, ಈ ಊರಾಗ ಹಬ್ಬಕ್ಕ ಆಹೇರಿ ಕೊಡೋ ಮಂದೀನೂ ಅದಾರ” ಎಂದರು ಶಿವರುದ್ರಪ್ಪನವರು. ಲಕೋಟೆಯನ್ನು ಒಡೆಯದೆ ಮನೆಗೆ ಒಯ್ದು ದೇವರ ಮುಂದಿಟ್ಟರು. ಅದಕ್ಕೆ ದಿನಾ ಹೂವು ಏರುತ್ತಿತ್ತು.

ಎರಡನೆಯ ಲಕೋಟೆ ಅಂಚೆಯಲ್ಲಿ ಬಂದಾಗ ಅಳಿಯ ಸಂಪತ್ ಒಡೆದು ಓದಿದ. ಸಂಪತ್ ಬೆಂಗಳೂರಿನವನು, ನಾಯಿಗಳಿಗೆ ಆನ್‌ಲೈನಿನಲ್ಲಿ ಜಾತಕ ಬರೆಯುವ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ.

“ಮಾವ, ಇದು ಫೈನು. ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡ! ಕಟ್ಟೋವರೆಗೂ ಈ ಕಾರು ಯಾವ ಪಾರ್ಕಿಂಗಲ್ಲಿ ಕಂಡ್ರೂ ಎತ್ಕೊಂಡು ಹೋಗ್ತಾರಂತೆ. ನಾನೇ ಕಟ್ಟಿಬಿಡ್ತೀನಿ, ಬಿಡಿ.”

“ಕಟ್ಟಬ್ಯಾಡ್ರಿ ಅಳಿಯಾರ. ಕಟ್ಟಿದ್ರ ತಪ್ಪು ಒಪ್ಪಿಕೊಂಡಂಗಾತು. ನನ್ನ ಸರ್ವಿಸಿನ್ಯಾಗ ಒಂದು ಮೆಮೊ ಇಲ್ಲ. ಇಷ್ಟು ದೂರ ಬಂದು ಮೆಮೊ ತಗೊಳ್ಳಲ್ಯಾ?”

“ಹಾಗಾದ್ರೆ ಅಪೀಲು ಹಾಕೋಣ. ಗೆಲ್ಲೋವರೆಗೂ ಕೀ ನನ್ನ ಹತ್ರ ಇರುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಶರ್ಟು ಇಸ್ತ್ರಿ ಮಾಡಿಸಿಕೊಂಡು ಕಾರಿನಲ್ಲಿ ಹೋಗಿ ಕುಳಿತರು. ಹಿಂದೆ ಬಂಗಾರೆವ್ವ ಕುಳಿತರು. “ರೈಟ್” ಎಂದರು. ಕಾರು ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ “ಹೋಲ್ಡಾನ್” ಎಂದರು. ಇಬ್ಬರೂ ಇಳಿದು ಒಳಗೆ ಬಂದರು. ಈ ಸರ್ವಿಸು ಒಂದು ದಿನವೂ ರದ್ದಾಗದೆ ನಡೆಯಿತು.

ಇತ್ತ ಅಪೀಲು ಹೊರಟಿತು. ಸಂಸ್ಥೆಯ ವೆಬ್‌ಸೈಟಿನಲ್ಲಿ ‘ಓದಲು ಬಾರದವರು ಈ ಕೆಳಗಿನ ಸೂಚನೆಗಳನ್ನು ಗಮನವಿಟ್ಟು ಓದತಕ್ಕದ್ದು’ ಎಂದು ಮೊದಲೇ ತಿಳಿಸಲಾಗಿತ್ತು. ಸಂಪತ್ ಓದಿ, ಮಾವನ ಪರವಾಗಿ ಸೊಗಸಾದ ಇಂಗ್ಲಿಷಿನಲ್ಲಿ ಬರೆದ. ಉತ್ತರ ಬಂದಿತು: ‘ತಮ್ಮ ಮನವಿಯ ಭಾಷೆ ನಮ್ಮ ಕಚೇರಿಯವರೆಲ್ಲರ ಕಣ್ಣು ತೇವಗೊಳಿಸಿದೆ. ಇಂಥ ಇಂಗ್ಲಿಷ್ ಬರೆಯುವವರು ಓದಲು ಬಾರದೆಂದರೆ ನಂಬತಕ್ಕದ್ದಲ್ಲ. ಅಪೀಲು ವಜಾ.’ ಸಂಪತ್ ಆ ಉತ್ತರಕ್ಕೆ ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ಇಟ್ಟುಕೊಂಡ.

ಎರಡನೆಯ ಅಪೀಲನ್ನು ಶಿವರುದ್ರಪ್ಪನವರೇ ಕನ್ನಡದಲ್ಲಿ ಬರೆದು ಫ್ಯಾಕ್ಸ್ ಮಾಡಿಸಿದರು. ಅಲ್ಲಿ ಒಬ್ಬರಿಗೂ ಓದಲಾಗಲಿಲ್ಲ. ಸಂಸ್ಥೆಯ ನಿಯಮದಂತೆ ‘ಓದಲಾಗಲಿಲ್ಲ’ ಎಂಬುದು ಬಾಯಿಮಾತಿನ ಕಾರಣವಾಗಿ ಸಲ್ಲದು, ಪುರಾವೆ ಬೇಕು. ಪುರಾವೆ ಒದಗಿಸಲಾಗದೆ ಸಂಸ್ಥೆಯು ತನ್ನ ಮೇಲೆ ತಾನೇ ದಂಡ ಹಾಕಿಕೊಂಡು, ಅದನ್ನು ಆ ತ್ರೈಮಾಸಿಕದ ಆದಾಯವೆಂದು ತೋರಿಸಿತು. ಷೇರು ಏರಿತು. ಆ ಖುಷಿಯಲ್ಲಿ ಶಿವರುದ್ರಪ್ಪನವರನ್ನು ಖುದ್ದು ವಿಚಾರಣೆಗೆ ಕರೆಯಲಾಯಿತು.

ಸ್ಯಾನ್ ಹೊಸೆಯ ಕಚೇರಿಯಲ್ಲಿ ಕುರ್ಚಿಗಳಿರಲಿಲ್ಲ. ನೆಲದ ಮೇಲೆ ಹಿಟ್ಟಿನ ಮೂಟೆಗಳಂಥ ಬೀನ್ ಬ್ಯಾಗುಗಳಿದ್ದವು. ಅವುಗಳಲ್ಲೊಂದರಿಂದ ಜಯರಾಜ್ ಎಂಬ ಅಧಿಕಾರಿ ಕಷ್ಟಪಟ್ಟು ಎದ್ದರು. ಉಡುಪಿ ಕಡೆಯವರು. ಫ್ಯಾಕ್ಸು ಓದುವುದಕ್ಕೆಂದೇ ಅವರನ್ನು ನೇಮಿಸಿಕೊಳ್ಳಲಾಗಿತ್ತು. ಮೇಜಿನ ಮೇಲೆ ಹೂವಿನ ಹಾರ ಹಾಕಿದ ಬೋರ್ಡಿನ ಫೋಟೋ ಇತ್ತು.

“ಇದು ಎಂತದು ಮಾರಾಯ್ರೆ? ಬೋರ್ಡನ್ನೇ ಮುಚ್ಚಿ ಬಿಟ್ಟಿದ್ದೀರಿ. ನಿಮ್ಮಿಂದಾಗಿ ಓದಲಿಕ್ಕೆ ಬರುವವರಿಗೂ ಓದಲಿಕ್ಕೆ ಆಗ್ಲಿಲ್ಲ.”

“ಪೂಜಿ ಮಾಡೇವ್ರಿ.”

“ಮಾಡಿದ್ದು ಒಳ್ಳೆಯದೇ. ಅವತ್ತು ಕಲೆಕ್ಷನ್ ಚೆನ್ನಾಗಿತ್ತು. ಈಗ ನಿಮಗೆ ಇಂಗ್ಲಿಷ್ ಬರುದಿಲ್ಲ ಅಂತ ಸಾಬೀತಾಗ್ಬೇಕು. ಪರೀಕ್ಷೆ ಉಂಟು.”

ಪರೀಕ್ಷೆಯ ಹೆಸರು ‘ಇಂಗ್ಲಿಷ್ ಅಜ್ಞಾನ ಅರ್ಹತಾ ಪರೀಕ್ಷೆ’. ಇಪ್ಪತ್ತೈದು ಪ್ರಶ್ನೆ, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ಶಿವರುದ್ರಪ್ಪನವರು ವೀರಭದ್ರ ದೇವರನ್ನು ನೆನೆದು, ಕಣ್ಣು ಮುಚ್ಚಿ, ಪೆನ್ನು ಬಿದ್ದಲ್ಲಿ ಗುರುತು ಹಾಕಿದರು.

ಜಯರಾಜ್ ತಿದ್ದಿ ನಿಟ್ಟುಸಿರಿಟ್ಟರು. “ಛೆ, ಆರು ಸರಿ ಬಂದಿದೆ. ನಿಮಗೆ ಇಂಗ್ಲಿಷ್ ಬರ್ತದೆ.”

“ಖರೇನ ಬರೂದಿಲ್ರೀ ಸಾಹೇಬ್ರ!”

“ಬಾರದವರು ಸೊನ್ನೆ ತಗೊಳ್ಳಬೇಕು. ಆರು ತಗೊಂಡದ್ದು ಯಾಕೆ?”

“ದೇವ್ರು ಮಾಡ್ಯಾನ್ರೀ. ಏನೂ ಬರೀದs ಬಿಟ್ರ ನಡೀತೈತೇನು?”

“ಬಿಟ್ಟರೆ ಗೈರುಹಾಜರಿ.”

“ಹಂಗಾದ್ರ ತಪ್ಪು ಉತ್ತರ ಯಾವುದು ಅಂತ ನನಗ ಹೆಂಗ ಗೊತ್ತಾಗಬೇಕ್ರಿ?”

ಜಯರಾಜ್ ಆಚೀಚೆ ನೋಡಿ, ಆಪ್ತರಿಗೆ ಮಾತ್ರ ಹೇಳುವ ದನಿಯಲ್ಲಿ ಹೇಳಿದರು: “ಸರಿ ಉತ್ತರ ಯಾವುದು ಅಂತ ಗೊತ್ತಿದ್ದರೆ ಸುಲಭ. ಅದನ್ನು ಬಿಟ್ಟು ಬೇರೆಯದಕ್ಕೆ ಹಾಕಿದ್ರಾಯ್ತು.”

ಹೀಗೆ ಶಿವರುದ್ರಪ್ಪನವರು ಇಂಗ್ಲಿಷ್ ಬರುವುದಿಲ್ಲವೆಂದು ಸಾಬೀತುಪಡಿಸುವ ಸಲುವಾಗಿ ಇಂಗ್ಲಿಷ್ ಕಲಿಯಲು ಕುಳಿತರು. ಮಗಳು ನೀತಾ ಅಕ್ಷರ ಬರೆದುಕೊಟ್ಟಳು. ಸಂಜೆ ವಯಸ್ಕರ ಶಾಲೆ. ಬೆಳಿಗ್ಗೆ ಕಾರಿನಲ್ಲಿ ಕುಳಿತು ಎದ್ದು ಬಂದ ಮೇಲೆ ಗಂಡಹೆಂಡತಿ ಎಲ್ ಕಮೀನೊ ರಸ್ತೆಯುದ್ದಕ್ಕೂ ನಡೆದುಕೊಂಡು ಹೋಗಿ ಬೋರ್ಡುಗಳನ್ನು ಓದಿದರು. ಶಿವರುದ್ರಪ್ಪನವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಹಾಲಿನ ಡಬ್ಬಿ ಓದಿ ಮುಗಿಸಿದರು, ಶಾಂಪೂ ಬಾಟಲಿ ಓದಿದರು, ಮಲ್ಲಿಗೆ ಎಣ್ಣೆಯ ಬಾಟಲಿಯ ಮೇಲಿನ ಎಚ್ಚರಿಕೆಯನ್ನು ಓದಿ ಬಂಗಾರೆವ್ವನ ತಲೆಗೆ ಎಣ್ಣೆ ಹಚ್ಚುವುದನ್ನೇ ನಿಲ್ಲಿಸಿದರು.

“ಓದಾಕ ಬರದಾಗ ಶಾಣ್ಯಾ ಇದ್ರಿ” ಎಂದರು ಬಂಗಾರೆವ್ವ.

“ಕೀ ಬೇಕಲ್ಲs? ಸುಮ್ನಿರು.”

ಚಳಿಗಾಲ ಕಳೆಯುವಷ್ಟರಲ್ಲಿ ಅವರು ಸಂಪತ್ತನ ಆಫೀಸಿನ ಪತ್ರಗಳನ್ನು ಓದಿ, “ಅಳಿಯಾರ, ಇದರಾಗ ನಿಮ್ಮನ್ನ ಕೆಲಸದಿಂದ ತಗೀತೇವಿ ಅಂತ ಬರದಾರ, ನೀವು ಥ್ಯಾಂಕ್ಸ್ ಅಂತ ಉತ್ತರ ಕೊಟ್ಟೀರಿ” ಎಂದು ತಿಳಿಸಿದರು. ಸಂಪತ್ ಮತ್ತೊಮ್ಮೆ ಓದಿ ನೋಡಿದ. ಹೌದು.

ಎರಡು ಸಾವಿರದ ಇಸವಿಯ ವಸಂತಕ್ಕೆ ಮಾರುಕಟ್ಟೆ ಬಿತ್ತು. ನಾಯಿಗಳ ಜಾತಕ ನಿಂತಿತು. ಪೆಲಿಕನ್ ಸಂಸ್ಥೆಯ ಬೀನ್ ಬ್ಯಾಗುಗಳೂ ಹರಾಜಾಗಿ, ಉಳಿದ ಸಿಬ್ಬಂದಿ ನಿಂತುಕೊಂಡೇ ಕೆಲಸ ಮಾಡುತ್ತಿತ್ತು. ಆದರೆ ಶಿವರುದ್ರಪ್ಪನವರ ಮರುಪರೀಕ್ಷೆಯನ್ನು ಕೈಬಿಡಲಿಲ್ಲ. ಹಣ ಹಾಕಿದವರೂ, ಚಡ್ಡಿ ತೊಟ್ಟ ಅಧ್ಯಕ್ಷರೂ ಅದನ್ನು ನೋಡಲು ನೆರೆದರು. ಸಂಪತ್ ಕೀ ಹಿಡಿದು ಬಾಗಿಲಲ್ಲಿ ನಿಂತ. ಅವನಿಗೆ ಬೇರೆ ಕೆಲಸವಿರಲಿಲ್ಲ.

ಶಿವರುದ್ರಪ್ಪನವರು ಪ್ರತಿಯೊಂದು ಪ್ರಶ್ನೆಯನ್ನೂ ಓದಿದರು. ಅರ್ಥ ಮಾಡಿಕೊಂಡರು. ಸರಿಯುತ್ತರ ಗುರುತಿಸಿದರು. ಅದರಿಂದ ದೂರ ಸರಿದು ತಪ್ಪಿಗೆ ಗುರುತು ಹಾಕಿದರು. ಒಂದು ಕಡೆ ಎರಡು ಉತ್ತರ ಸರಿಯಿರುವಂತೆ ಕಂಡಾಗ ಬಹಳ ಹೊತ್ತು ಬೆವರಿದರು.

“ಸೊನ್ನೆ!” ಎಂದರು ಜಯರಾಜ್, ಉತ್ತರಪತ್ರಿಕೆ ಎತ್ತಿ ಹಿಡಿದು. “ಒಂದೂ ಸರಿ ಇಲ್ಲ! ಈ ವ್ಯಕ್ತಿಗೆ ಇಂಗ್ಲಿಷಿನ ಗಂಧವೇ ಇಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಪ್ರಮಾಣಪತ್ರ ಕೊಟ್ಟರು. ನಿಯಮದಂತೆ ಅದನ್ನು ಪಡೆದವರು ಸಭೆಯ ಮುಂದೆ ಗಟ್ಟಿಯಾಗಿ ಓದಿ ಒಪ್ಪಿಕೊಳ್ಳಬೇಕಿತ್ತು. ಶಿವರುದ್ರಪ್ಪನವರು ಕನ್ನಡಕ ಏರಿಸಿ, ತಮಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂಬುದನ್ನು ಶುದ್ಧವಾದ ಇಂಗ್ಲಿಷಿನಲ್ಲಿ, ಅಲ್ಪವಿರಾಮ ಇದ್ದಲ್ಲಿ ನಿಂತು, ಓದಿದರು. ಕೊನೆಯ ಸಣ್ಣಕ್ಷರದ ಸಾಲಿಗೆ ಬಂದಾಗ ತಡೆದು ನಿಂತರು.

“ಸಾಹೇಬ್ರ, ಇಲ್ಲೆ ‘ಓದಿದ್ದು ಕಂಡುಬಂದಲ್ಲಿ ಇದು ರದ್ದು’ ಅಂತ ಐತಿ. ಈಗ ನಾ ಓದಿದೆನೋ, ಇಲ್ಲೋ?”

ಜಯರಾಜ್ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಹಣ ಹಾಕಿದವರನ್ನು ನೋಡಿದರು. ಅವರು ಗಡಿಯಾರ ನೋಡಿಕೊಂಡರು.

“ಓದಿಲ್ಲ” ಎಂದರು ಜಯರಾಜ್.

“ಹಂಗಾದ್ರ ಅಡ್ಡಿಯಿಲ್ಲ.” ಶಿವರುದ್ರಪ್ಪನವರು ಅಳಿಯನತ್ತ ಕೈ ಚಾಚಿದರು. ಕೀ ಅಂಗೈಗೆ ಬಿದ್ದಿತು. ಅದನ್ನು ಕಣ್ಣಿಗೆ ಒತ್ತಿಕೊಂಡರು.

ಸುದ್ದಿ ಬೇ ಏರಿಯಾದ ತುಂಬ ಹರಡಿತು. ಮರುವಾರದಿಂದ ಸಂಸ್ಥೆಯ ಬಾಗಿಲಲ್ಲಿ ಸಾಲು. ಎಂಜಿನಿಯರುಗಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು, ಬರ್ಕ್ಲಿಯಲ್ಲಿ ಪಿಎಚ್.ಡಿ. ಮಾಡಿದವರು, ಎಲ್ಲರೂ ಪರೀಕ್ಷೆಗೆ ಕುಳಿತು ಲೀಲಾಜಾಲವಾಗಿ ಸೊನ್ನೆ ತೆಗೆದುಕೊಂಡು ವಿನಾಯಿತಿ ಪಡೆದರು. ಇಂಗ್ಲಿಷ್ ಪಾಠ ಮಾಡುವವರೊಬ್ಬರು ಅರ್ಧ ಸಮಯದಲ್ಲೇ ಮುಗಿಸಿ ದಾಖಲೆ ನಿರ್ಮಿಸಿದರು. ಇಷ್ಟೊಂದು ಅಜ್ಞಾನ ಇರುವುದನ್ನು ಕಂಡು ಸಂಸ್ಥೆಗೇ ಮರುಕವಾಯಿತು. ಪರೀಕ್ಷೆಯ ಶುಲ್ಕದಿಂದ ಬೀನ್ ಬ್ಯಾಗುಗಳು ವಾಪಸು ಬಂದವು. ತೇರ್ಗಡೆ ಮಾಡಿಸುವ ತರಬೇತಿ ಕೇಂದ್ರವೊಂದನ್ನು ಸಂಪತ್ ತೆರೆದ.

ಪೂರಾ ದಂಡ ಕಟ್ಟುವವರು ಈಗ ಒಬ್ಬರೇ ಉಳಿದಿದ್ದಾರೆ. ಮಂಡ್ಯ ಕಡೆಯ ವೆಂಕಟಾಚಲ, ತರಕಾರಿ ವ್ಯಾನು ಓಡಿಸುವವರು. ಅವರಿಗೆ ನಿಜವಾಗಿಯೂ ಒಂದಕ್ಷರ ಇಂಗ್ಲಿಷ್ ಬರುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಐದಾರು ಸರಿಯಾಗಿಬಿಡುತ್ತವೆ.

“ಅದ್ಯಾಕ್ ಯಜಮಾನ್ರೆ, ನಂಗೊಬ್ಬಂಗೇ ಹಿಂಗಾಯ್ತದೆ?” ಎಂದು ಅವರು ಶಿವರುದ್ರಪ್ಪನವರನ್ನು ಕೇಳಿದರು.

“ನಿನ್ನ ಬೇರು ಗಟ್ಟಿಯಿಲ್ಲ ತಮ್ಮಾ” ಎಂದರು ಶಿವರುದ್ರಪ್ಪನವರು, ಅನುಭವಸ್ಥರ ಸಹನೆಯಿಂದ. “ಮೊದಲ ಚೊಲೋತ್ನಂಗ ಕಲಿ. ಆಮ್ಯಾಲ ಬರೂದಿಲ್ಲ ಅಂದ್ರ ಮಂದಿ ನಂಬ್ತಾರ.”

ವೆಂಕಟಾಚಲ ಹೌದೆಂದು ತಲೆಯಾಡಿಸಿ, ಆ ಸಂಜೆಯೇ ಸಂಪತ್ತನ ಕೇಂದ್ರಕ್ಕೆ ಸೇರಿಕೊಂಡರು.