ಒಂದ್ಸಲ ಜೋರಾಗಿ ಓಡಸ್ರಿ

ನಗುವಂಥದ್ದು ನಮ್ಮ ಮನೆಗೆ ಯಾವಾಗಲೂ ಕಾರಿನಲ್ಲೇ ಕೂತು ಬರುತ್ತದೆ. ನಮ್ಮ ಯಜಮಾನರು ಕೊಟ್ಟೂರಿನಲ್ಲಿ ಬಾಡಿಗೆ ಕಾರು ಓಡಿಸಿದವರು. ಎಷ್ಟು ನಿಧಾನ ಅಂದರೆ, ಕೂಡ್ಲಿಗಿಗೆ ಹೊರಟ ಬೀಗರು ದಾರಿಯಲ್ಲಿ ಇಳಿದು, ಸೀತಾಫಲ ಕಿತ್ತುಕೊಂಡು, ಓಡಿ ಬಂದು ಮತ್ತೆ ಹತ್ತುತ್ತಿದ್ದರು. "ಒಂದ್ಸಲ ಜೋರಾಗಿ ಓಡಸ್ರಿ" ಅಂತ ನಾನಂದರೆ, "ನಾಳಿ ನೋಡೂಣು ತಗಾ" ಅನ್ನುತ್ತಿದ್ದರು. ಆ ನಾಳೆ ಬರಲಿಲ್ಲ, ಅವರೇ ಹೋಗಿಬಿಟ್ಟರು. ಆಸೆ ಮಾತ್ರ ನನ್ನ ಹತ್ತಿರ ಉಳಿಯಿತು.

ಮೊನ್ನೆ ಸೊಸೆ ಬಂದು, "ಅತ್ತಿ, ನಮ್ಮ ಕಾರು ನಾವೇ ಜೋರಾಗಿ ಓಡಸಾಕ ಬಿಡೋ ರೇಸಿನ ಟ್ರ್ಯಾಕಿಗೆ ಹೊಂಟೀನಿ. ಕೊನೀಗೆ ಒಂದು ಸುತ್ತು ಮನಿಯವ್ರನ್ನ ಪಕ್ಕದಾಗ ಕೂಡಿಸ್ಕೊಬೌದಂತ. ಬರ್ತೀರೇನು?" ಅಂದಳು. ಕೇಳಿದ್ದು ಆಕೆ, ಎದೆ ಹಾರಿದ್ದು ನನ್ನದು.

ಮೊದಲು ನಿಲ್ಲೋದು

ಯಜಮಾನರು ಬಿಟ್ಟುಹೋದ ಕಾರನ್ನೇ ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಸಾಹೇಬರ ಹತ್ತಿರ ಒಯ್ದೆವು. ಅವರು ಟೈರು ಸವರಿ ನೋಡಿದರು, ಬ್ರೇಕಿನ ಎಣ್ಣೆ ಬದಲಿಸಿದರು, ಸವೆದ ಬ್ರೇಕ್ ಪ್ಯಾಡು ಕಿತ್ತು ಹೊಸವು ಹಾಕಿದರು. ನನಗೆ ತಡೆಯಲಿಲ್ಲ.

"ಜೋರು ಹೋಗೋದಕ್ಕ ಏನೂ ಹಾಕವಲ್ಲಿರಲ್ಲಪ್ಪ?"

"ಅಮ್ಮಾ, ಜೋರು ಹೋಗೋರಿಗೆ ಮೊದ್ಲು ನಿಲ್ಲೋದು ಬರಬೇಕ್ರಿ."

"ನಿಲ್ಲೋದನ್ನ ನಮ್ಮ ಮನಿಯವ್ರು ಜೀವಮಾನಪೂರ್ತಿ ಕಲಸ್ಯಾರ. ಹೋಗೋದೇ ಬಾಕಿ ಐತಿ!"

ಕಟ್ಟೆ ಮೇಲಿನ ಸಂಸಾರ

ಕಾರಿನೊಳಗೆ ಸಡಿಲವಾದದ್ದು ಒಂದೂ ಇರಬಾರದಂತೆ. "ಒಂದು ನೀರಿನ ಬಾಟ್ಲಿ ಉರುಳಿ ಬ್ರೇಕಿನ ಕೆಳಗ ಸಿಕ್ಕಂಡ್ರ ಮುಗೀತತ್ತಿ" ಅಂದಳು ಸೊಸೆ. ಎಲ್ಲ ತೆಗೆದು ಕಟ್ಟೆ ಮೇಲೆ ಇಟ್ಟೆವು: ಚಾಪೆ, ಕೊಡೆ, ದಿಂಬು, ಸ್ಟೀಲಿನ ಡಬ್ಬಿ, ಒಂಟಿ ಚಪ್ಪಲಿ. ಸೀಟಿನ ಸಂದಿಯಿಂದ ಯಜಮಾನರ ಟವೆಲ್ಲೂ ಬಂತು. ಮೂಗಿಗೆ ಹಿಡಿದೆ. ಬರೀ ಧೂಳಿನ ವಾಸನೆ. ಆದರೂ ಇನ್ನೊಮ್ಮೆ ಹಿಡಿದೆ.

ನನ್ನ ಕಣ್ಣೀರು, ಕಟ್ಟೆಯ ಸಾಮಾನು ಎರಡನ್ನೂ ನೋಡಿದ ಪಕ್ಕದ ಮನೆಯಾಕೆ ಓಡಿ ಬಂದಳು. "ಯಕ್ಕಾ, ಮಗ ಸೊಸಿ ಬ್ಯಾರಿ ಹೊಂಟ್ರೇನು?"

"ಇಲ್ಲವ್ವ, ಸದ್ಯಕ್ಕ ಕಾರು ಒಂದೇ ಬ್ಯಾರಿ ಹೊಂಟೈತಿ."

ಖಾಲಿ ಡಾಂಬರು

ಟ್ರ್ಯಾಕು ಅಂದರೆ ಏನು ರಸ್ತೆ ಅಂತೀರಿ! ಕುಳಿ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಸೊಸೆ ಮೊದಲು ಕಲಿಸುವವರನ್ನು ಪಕ್ಕ ಕೂಡಿಸಿಕೊಂಡು ನಿಧಾನ ತಿರುವು ಕಲಿತಳು. ನಾನು ಗೋಡೆಯ ಈಚೆ ನಿಂತು ನೋಡುತ್ತಿದ್ದೆ. ಊರಿಂದ ಮಗ ಫೋನು ಮಾಡಿದ. "ಅವ್ವಾ, ರಸ್ತಿ ಹೆಂಗೈತಿ?"

"ಹೊಟ್ಟಿ ಉರೀತೈತಪ್ಪ. ಇಷ್ಟು ಚಂದದ ಡಾಂಬರದಾಗ ಒಬ್ಬರೂ ಹುರುಳಿ ಒಕ್ಕಣಿಗೆ ಹಾಕಿಲ್ಲ!"

ನನ್ನ ಸುತ್ತು

ಸಂಜೆ ನನ್ನ ಪಾಳಿ ಬಂತು. ಅಲ್ಲಿನ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆ ಕೆರೆದುಕೊಂಡರು. "ಅಜ್ಜಿ, ಈ ವಯಸ್ಸಲ್ಲಿ ಬೇಕಾ?"

ಬೇಡ ಅಂದುಬಿಟ್ಟಾರು ಅಂತ ಕಾರಿನ ಬಾಗಿಲು ಹಿಡಿದುಕೊಂಡೆ. "ಆ ವಯಸ್ಸಿನಾಗ ಯಾರೂ ಕೂಡಿಸಲಿಲ್ಲಪ್ಪ" ಅಂದೆ.

ಅವರು ಹೆಲ್ಮೆಟ್ ಕೊಟ್ಟರು. ತುರುಬು ಅಡ್ಡ ಬಂತು. ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಸೊಸೆ ಸೆರಗು ಸಿಕ್ಕಿಸಿ, ಬೆಲ್ಟು ಬಿಗಿದು, ಹೊರಟಳು ನೋಡಿ! ಬೆನ್ನು ಸೀಟಿಗೆ ಅಂಟಿತು. ಗೋಡೆ, ಗಿಡ, ಜನ ಎಲ್ಲ ಒಂದೇ ಗೆರೆಯಾದವು. ತಿರುವಿನಲ್ಲಿ ಒಬ್ಬಾತ ನೀಲಿ ಬಾವುಟ ಬೀಸುತ್ತಿದ್ದ.

"ಪಾಪ, ಕೈ ಮಾಡಾಕ ಹತ್ಯಾನ. ಹತ್ತಿಸ್ಕೊಳ್ಳವ್ವ, ಹಿಂದ ಜಾಗ ಐತಿ!"

"ಅತ್ತೀ, ಹಿಂದಿನ ಕಾರಿಗೆ ದಾರಿ ಬಿಡು ಅನ್ನಾಕ ಹತ್ಯಾನ್ರಿ!" ಸೊಸೆ ನಗು ತಡೆದುಕೊಂಡು ಪಕ್ಕಕ್ಕೆ ಸರಿದಳು.

ಕಾರು ನಿಂತಾಗ ನನ್ನ ಕೆನ್ನೆ ಒದ್ದೆಯಾಗಿತ್ತು.

"ಅಂಜಿಕಿ ಆತೇನತ್ತಿ?"

"ಇಲ್ಲವ್ವ. ನಿಮ್ಮ ಮಾವ ಇರಬೇಕಿತ್ತು."

"ಭಾಳ ಖುಷಿ ಪಡ್ತಿದ್ರು."

"ಎಲ್ಲೀ ಖುಷಿ! ಆ ಗೋಡಿ ಹತ್ತಿ ನಿಂತು, 'ಲೇ ನಿಧಾನ, ಲೇ ನಿಧಾನ' ಅಂತ ಸುತ್ತು ಮುಗಿಯೋತನ ಬೈತಿದ್ರು. ಎಲ್ಲಾ ಸಿಕ್ತು ನೋಡವ್ವ, ಆ ಬೈಗುಳ ಒಂದು ಸಿಗಲಿಲ್ಲ."